ಭಯವಿಲ್ಲದ ಮನೆ, ರೋಗವಿಲ್ಲದ ಬಾಳು



ಕುಟುಂಬ ಕಲ್ಯಾಣವೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಚಿಕ್ಕ ಸಂಸಾರ, ಹೆರಿಗೆಗಳ ನಡುವಣ ಅಂತರ, ತಾಯಿ ಮಗುವಿನ ಪೋಷಣೆ, ಚುಚ್ಚುಮದ್ದು ಮುಂತಾದ ವಿಷಯಗಳು. ಇವುಗಳ ಬಗ್ಗೆ ತಾವು ಅನೇಕ ಬಾರಿ ಕೇಳಿದ್ದೀರಿ. ಇಂದು ತಮ್ಮ ಮುಂದಿಡುವ ವಿಷಯವು ಅವುಗಳಷ್ಟೇ ಮುಖ್ಯವಾದುದು. ಆದರೆ ನಮ್ಮ ಹಳ್ಳಿಗಳಲ್ಲಿ ಯಾರೂ ಬಾಯಿಬಿಟ್ಟು ಆಡದೆ ಉಳಿದುಹೋದುದು. ಅದು ನಮ್ಮ ನಡುವೆಯೇ ಬಾಳುತ್ತಿರುವ ಲೈಂಗಿಕ ಅಲ್ಪಸಂಖ್ಯಾತರ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಆರೋಗ್ಯದ ವಿಷಯ. ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳಿಂದ ಅವರು ತಮ್ಮನ್ನು ರಕ್ಷಿಸಿಕೊಳ್ಳುವುದು ಏಕೆ ಕಷ್ಟವಾಗಿದೆ, ಆ ಕಷ್ಟವನ್ನು ಕಡಿಮೆ ಮಾಡುವುದರಲ್ಲಿ ವಿವಾಹಿತ ದಂಪತಿಗಳಾದ ತಮ್ಮ ಪಾಲೇನು ಎಂಬುದನ್ನು ಶಾಂತಚಿತ್ತದಿಂದ ವಿಚಾರ ಮಾಡೋಣ.

"ನಾವು ಮದುವೆಯಾದವರು, ಮಕ್ಕಳೊಂದಿಗರು. ಈ ಮಾತು ನಮಗೇಕೆ?" ಎಂದು ತಾವು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಈ ಅಲ್ಪಸಂಖ್ಯಾತರು ಆಕಾಶದಿಂದ ಇಳಿದು ಬಂದವರಲ್ಲ. ನಮ್ಮ ನಿಮ್ಮಂತಹ ದಂಪತಿಗಳ ಹೊಟ್ಟೆಯಲ್ಲೇ ಹುಟ್ಟಿದವರು. ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರಲ್ಲಿ ಅನೇಕರು ಹಿರಿಯರ ಬಲವಂತಕ್ಕೆ ಮದುವೆಯನ್ನೂ ಆಗಿರುತ್ತಾರೆ. ಆದುದರಿಂದ ಅವರ ಆರೋಗ್ಯವು ನಮ್ಮ ಮನೆಯ ಹೊಸ್ತಿಲ ಹೊರಗಿನ ವಿಷಯವಲ್ಲ.

ಇವರು ಯಾರು?

ಬಹುಪಾಲು ಪುರುಷರಿಗೆ ಸ್ತ್ರೀಯರಲ್ಲಿಯೂ, ಬಹುಪಾಲು ಸ್ತ್ರೀಯರಿಗೆ ಪುರುಷರಲ್ಲಿಯೂ ಆಸಕ್ತಿ ಹುಟ್ಟುತ್ತದೆ. ಕೆಲವರಿಗೆ ತಮ್ಮ ಲಿಂಗದವರಲ್ಲೇ ಆಸಕ್ತಿ ಮೂಡುತ್ತದೆ. ಇಂತಹವರನ್ನು ಸಲಿಂಗಾಸಕ್ತರೆಂದು ಕರೆಯುತ್ತಾರೆ. ಇನ್ನು ಕೆಲವರು ಗಂಡೆಂದು ಹೆಸರಿಸಲ್ಪಟ್ಟು ಬೆಳೆದರೂ ಅಂತರಂಗದಲ್ಲಿ ಹೆಣ್ಣೆಂದು ಅರಿತುಕೊಳ್ಳುತ್ತಾರೆ. ಹೆಣ್ಣೆಂದು ಬೆಳೆದು ತಾನು ಗಂಡೆಂದು ಅರಿತವರೂ ಇದ್ದಾರೆ. ಇವರು ಲಿಂಗತ್ವ ಅಲ್ಪಸಂಖ್ಯಾತರು. ಜನರಾಡುವ ಮಾತಿನಲ್ಲಿ ಇವರ ಪೈಕಿ ಕೆಲವರನ್ನು ಮಂಗಳಮುಖಿಯರೆಂದೂ, ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಸೇವೆಗೆ ಸೇರಿದವರನ್ನು ಜೋಗಪ್ಪ, ಜೋಗತಿ ಎಂದೂ ಹೇಳುವುದುಂಟು.

ಇದು ರೋಗವೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲವೆಂದು ಸ್ಪಷ್ಟಪಡಿಸಿತು. ಇದನ್ನು "ಗುಣಪಡಿಸುವೆ"ನೆಂದು ಚಿಕಿತ್ಸೆ ಮಾಡುವುದು ವೈದ್ಯವೃತ್ತಿಗೆ ತಕ್ಕುದಲ್ಲದ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತಿಳಿಸಿದೆ. ಆದುದರಿಂದ ಮಗನನ್ನೋ ಮಗಳನ್ನೋ ಮಂತ್ರ ಹಾಕಿಸುವವರ ಬಳಿಗಾಗಲಿ, ಗುಣಪಡಿಸುವೆನೆಂದು ಹಣ ಕೇಳುವವರ ಬಳಿಗಾಗಲಿ ಕರೆದೊಯ್ಯುವುದರಿಂದ ಹಣವೂ ಹೋಗುತ್ತದೆ, ಮಗುವಿನ ಮನಸ್ಸೂ ಮುರಿಯುತ್ತದೆ.

ನಮ್ಮ ಕೊಡಗಿನವರಿಗೆ ಹೆಣ್ಣುಡುಗೆ ಉಟ್ಟ ಗಂಡಸನ್ನು ಕಾಣುವುದು ಹೊಸದಲ್ಲ. ಗೋಣಿಕೊಪ್ಪಲಿನ ಬಳಿಯ ದೇವರಪುರದಲ್ಲಿ ಪ್ರತಿವರ್ಷ ನಡೆಯುವ ಕುಂಡೆ ಹಬ್ಬದ ದಿನ ಜೇನುಕುರುಬರು, ಯರವರು ಮುಂತಾದವರು ಸೀರೆ ಉಟ್ಟು, ಬಣ್ಣ ಬಳಿದುಕೊಂಡು, ಬೈಯುತ್ತ ಕುಣಿಯುತ್ತ ಊರೆಲ್ಲ ಬೇಡುವುದನ್ನು ನೋಡಿ ನಾವು ನಕ್ಕು ಕಾಸು ಕೊಡುತ್ತೇವೆ. ಅದು ದೇವರ ಹರಕೆಯ ವೇಷ, ಮರುದಿನ ಕಳಚಿಡುವಂತಹುದು. ಹುಟ್ಟಿನಿಂದಲೇ ಬಂದ ಸ್ವಭಾವವನ್ನು ಹಾಗೆ ಕಳಚಿಡಲಾಗದು. ಒಂದು ದಿನದ ವೇಷವನ್ನು ಸಹಿಸುವ ನಾವು ಒಂದು ಜೀವಮಾನದ ಸ್ವಭಾವವನ್ನೂ ಸಹಿಸಬಲ್ಲೆವೇ ಎಂಬುದೇ ಇಲ್ಲಿರುವ ಪ್ರಶ್ನೆ.

ರೋಗದ ಲೆಕ್ಕ ಏನು ಹೇಳುತ್ತದೆ?

ಎಚ್.ಐ.ವಿ. ಎಂಬ ವೈರಾಣುವಿನ ಹೆಸರನ್ನು ತಾವೆಲ್ಲ ಕೇಳಿದ್ದೀರಿ. ಚಿಕಿತ್ಸೆಯಿಲ್ಲದಿದ್ದರೆ ಅದು ಹಲವು ವರ್ಷಗಳ ಕಾಲ ಒಳಗೊಳಗೇ ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸಿ ಕೊನೆಗೆ ಏಡ್ಸ್ ಎಂಬ ಸ್ಥಿತಿಗೆ ತರುತ್ತದೆ. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈ ನಗರದಲ್ಲಿ. ಇಂದು ದೇಶದ ಪ್ರಾಪ್ತವಯಸ್ಕರಲ್ಲಿ ಸಾವಿರಕ್ಕೆ ಸುಮಾರು 2 ಮಂದಿಗೆ ಈ ಸೋಂಕಿದೆ. ಆದರೆ 2021ರ ರಾಷ್ಟ್ರೀಯ ಕಣ್ಗಾವಲು ಸಮೀಕ್ಷೆಯಲ್ಲಿ, ಪುರುಷರೊಡನೆ ಲೈಂಗಿಕ ಸಂಪರ್ಕವಿರುವ ಪುರುಷರಲ್ಲಿ ಸಾವಿರಕ್ಕೆ ಸುಮಾರು 33 ಮಂದಿಗೂ, ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಸುಮಾರು 38 ಮಂದಿಗೂ ಸೋಂಕು ಕಂಡುಬಂದಿತು.

ಇಷ್ಟೊಂದು ಅಂತರವೇಕೆ? ಶರೀರಶಾಸ್ತ್ರವು ಕೊಡುವ ಒಂದು ಕಾರಣವುಂಟು. ಗುದದ ಒಳಪದರವು ಬಹು ತೆಳುವಾದುದು, ಬೇಗ ಗಾಯವಾಗುವಂತಹುದು. ಆದುದರಿಂದ ಕಾಂಡೋಮ್ ಇಲ್ಲದ ಗುದಸಂಭೋಗದಲ್ಲಿ, ಅದು ಗಂಡುಹೆಣ್ಣಿನ ನಡುವೆಯೇ ಆಗಲಿ, ಸೋಂಕು ಸುಲಭವಾಗಿ ದಾಟುತ್ತದೆ. ಆದರೆ ಕಾಂಡೋಮನ್ನು ಸರಿಯಾಗಿ, ಪ್ರತಿಸಲವೂ ಬಳಸಿದರೆ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಬಹುದು. ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ದೊರೆಯುತ್ತದೆ. ಹಾಗಿದ್ದರೂ ಬಳಕೆಯಾಗುವುದಿಲ್ಲವೇಕೆ? ಉತ್ತರಕ್ಕಾಗಿ ನಾವು ಆ ವ್ಯಕ್ತಿಯ ಸುತ್ತಲಿನ ಸಮಾಜವನ್ನು ನೋಡಬೇಕು.

ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ನೆರಳು ಸಾಲದೆ ಬಿಸಿಲು ಬೀಳುವ ಕಡೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಬಾಧೆ ಹೆಚ್ಚು. ಹುಳು ಗಿಡದೊಳಗಿದ್ದರೂ ತಿಳಿದ ರೈತನು ಮೊದಲು ಮೇಲಿನ ನೆರಳನ್ನು ನೋಡುತ್ತಾನೆ. ಮನುಷ್ಯನಿಗೂ ಹಾಗೆಯೇ. ಮನೆ, ಕಾನೂನು, ಆಸ್ಪತ್ರೆ, ದುಡಿಮೆ ಇವೇ ಅವನ ನೆರಳು. ಇವು ತಪ್ಪಿದಲ್ಲಿ ರೋಗವು ಸುಲಭವಾಗಿ ಒಳಹೊಕ್ಕುತ್ತದೆ.

ನಿರೋಧ್ ಯಾರಿಗಾಗಿ ಬಂದಿತು?

ಸರ್ಕಾರವು 1968ರಲ್ಲಿ ನಿರೋಧ್ ಎಂಬ ಹೆಸರಿನಿಂದ ಕಾಂಡೋಮನ್ನು ದೇಶದಾದ್ಯಂತ ಅಗ್ಗದ ಬೆಲೆಗೆ ಒದಗಿಸಲಾರಂಭಿಸಿತು. 15 ಪೈಸೆಗೆ ಮೂರು ದೊರೆಯುತ್ತಿದ್ದವು. ಚಹಾಪುಡಿ, ಸಾಬೂನು ಮಾರುವ ದೊಡ್ಡ ಕಂಪನಿಗಳ ಮೂಲಕ ಅವು ಹಳ್ಳಿಯ ಅಂಗಡಿಗಳಿಗೂ ತಲುಪಿದವು. ಕೆಂಪು ತ್ರಿಕೋನದ ಗುರುತಿನ ಕೆಳಗೆ ನಗುಮುಖದ ಗಂಡ, ಹೆಂಡತಿ, ಮಕ್ಕಳ ಚಿತ್ರವಿರುತ್ತಿದ್ದುದನ್ನು ಹಿರಿಯರು ಬಲ್ಲರು. ಅದೊಂದು ಉಪಯುಕ್ತ ಕಾರ್ಯವೇ ಸರಿ. ಆದರೆ ಆ ಚಿತ್ರವು ಹೇಳದೆ ಹೇಳಿದ ಮಾತೊಂದಿತ್ತು: ಇದು ಮದುವೆಯಾದವರ ವಸ್ತು, ಮಕ್ಕಳನ್ನು ತಡೆಯುವ ವಸ್ತು. ಮದುವೆಯಾಗದವನು ಅದನ್ನು ಕೇಳಿದರೆ ಅಂಗಡಿಯವನು ಹುಬ್ಬೇರಿಸುತ್ತಿದ್ದನು. ಪುರುಷನೊಡನೆ ಇರುವ ಪುರುಷನಿಗಾದರೋ, ಗರ್ಭದ ಪ್ರಶ್ನೆಯೇ ಇಲ್ಲದಿರುವಾಗ ಇದು ತನಗೂ ಬೇಕೆಂದು ಹೊಳೆಯುತ್ತಲೇ ಇರಲಿಲ್ಲ.

ಮುಂದೆ 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಆರಂಭವಾಯಿತು. ನಮ್ಮ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯೂ ಅದೇ ದಶಕದಲ್ಲಿ ಸ್ಥಾಪಿತವಾಯಿತು. ಕಾಂಡೋಮ್ ರೋಗರಕ್ಷಕವೆಂಬ ಪ್ರಚಾರ ನಡೆಯಿತು. ಆಗ ಎರಡನೆಯ ತೊಡಕೊಂದು ಹುಟ್ಟಿತು. ಅದುವರೆಗೆ ಸಂಸಾರದ ಗುರುತಾಗಿದ್ದ ವಸ್ತುವು ಸಂಶಯದ ಗುರುತಾಯಿತು. ಜೇಬಿನಲ್ಲಿ ಕಾಂಡೋಮ್ ಇದ್ದರೆ "ಇವನು ಎಲ್ಲಿಗೆ ಹೋಗುವವನು?" ಎಂದು ಮನೆಯವರೂ ಕೇಳಿದರು, ಪೊಲೀಸರೂ ಕೇಳಿದರು.

ಕಾನೂನಿನ ಭಯ

ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯ 377ನೆಯ ಕಲಮು, ಒಪ್ಪಿಗೆಯಿಂದ ಕೂಡಿದ ಪ್ರಾಪ್ತವಯಸ್ಕರ ಸಲಿಂಗ ಸಂಬಂಧವನ್ನೂ ಅಪರಾಧವೆಂದು ಎಣಿಸಿತ್ತು. ಇದರಿಂದ ಆರೋಗ್ಯ ಕಾರ್ಯಕ್ಕೆ ಆದ ಹಾನಿ ಅಲ್ಪವಲ್ಲ. 1994ರಲ್ಲಿ ದೆಹಲಿಯ ತಿಹಾರ್ ಕಾರಾಗೃಹದ ಪುರುಷ ಬಂದಿಗಳಿಗೆ ಕಾಂಡೋಮ್ ಕೊಡಬೇಕೆಂಬ ಸಲಹೆ ಬಂದಾಗ ಅದನ್ನು ಕೊಡಲು ನಿರಾಕರಿಸಲಾಯಿತು. ಕೊಟ್ಟರೆ ಅಪರಾಧವನ್ನು ಒಪ್ಪಿಕೊಂಡಂತಾಗುವುದೆಂಬ ಅಳುಕು ಅದರ ಹಿಂದಿತ್ತು. 2001ರ ಜುಲೈ ತಿಂಗಳಲ್ಲಿ ಲಖನೌ ನಗರದಲ್ಲಿ ಏಡ್ಸ್ ತಡೆಯ ತಿಳಿವಳಿಕೆ ನೀಡುತ್ತಿದ್ದ ಕಾರ್ಯಕರ್ತರನ್ನೇ ಬಂಧಿಸಿ ಸುಮಾರು ಒಂದೂವರೆ ತಿಂಗಳು ಸೆರೆಯಲ್ಲಿಡಲಾಯಿತು. ಅದೇ ವರ್ಷ ಪಿ.ಯು.ಸಿ.ಎಲ್. ಸಂಘಟನೆಯ ಕರ್ನಾಟಕ ಘಟಕವು ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ ಆಗುತ್ತಿದ್ದ ಕಿರುಕುಳವನ್ನು ವಿಚಾರಿಸಿ ವರದಿಯೊಂದನ್ನು ಪ್ರಕಟಿಸಿತು.

ಹಿಡಿಯುವರೆಂಬ ಭಯವಿರುವವನು ಹೇಗೆ ನಡೆದುಕೊಳ್ಳುತ್ತಾನೆ? ದೀಪವಿಲ್ಲದ ಕಡೆ, ಅವಸರದಲ್ಲಿ, ಹೆಸರು ತಿಳಿಯದವರೊಡನೆ ಕೂಡುತ್ತಾನೆ. ಜೇಬಿನಲ್ಲಿ ಕಾಂಡೋಮ್ ಇಟ್ಟುಕೊಳ್ಳಲು ಅಂಜುತ್ತಾನೆ. ರೋಗಲಕ್ಷಣ ಕಂಡರೂ ವೈದ್ಯರ ಮುಂದೆ ಬಾಯಿಬಿಡುವುದಿಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ 2006ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ, ಈ ಕಲಮು ರೋಗತಡೆಯ ಕಾರ್ಯಕ್ಕೆ ಅಡ್ಡಿಯಾಗಿದೆಯೆಂದು ಪ್ರಮಾಣಪತ್ರ ಸಲ್ಲಿಸಿತು. 2009ರಲ್ಲಿ ಆ ನ್ಯಾಯಾಲಯವು ಇಂತಹ ಸಂಬಂಧ ಅಪರಾಧವಲ್ಲವೆಂದಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಪ್ರಾಪ್ತವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ನಿರ್ಣಯಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲ. ಕಾಗದದ ಮೇಲಿನ ಭಯ ಹೀಗೆ ಅಳಿಯಿತು. ಆದರೆ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಬೆಳೆದ ಭಯವು ಮನಸ್ಸಿನಿಂದ ಒಂದೇ ದಿನದಲ್ಲಿ ಹೋಗುವುದಿಲ್ಲ.

ಮನೆಯ ಭಯ

ಕಾನೂನಿಗಿಂತ ಹತ್ತಿರದ ಭಯವೆಂದರೆ ಮನೆಯದು. ಕೊಡಗಿನಲ್ಲಿ ಮನೆಹೆಸರು ಹೇಳಿದೊಡನೆ ಒಕ್ಕವೂ ಊರೂ ತಿಳಿದುಬಿಡುತ್ತದೆ. ಇದು ನಮ್ಮ ಹೆಮ್ಮೆ. ಆದರೆ ಗುಟ್ಟೊಂದನ್ನು ಹೊತ್ತಿರುವ ಯುವಕನಿಗೆ ಇದೇ ಬೇಲಿಯಾಗುತ್ತದೆ. ಸುಂಟಿಕೊಪ್ಪದಲ್ಲೋ ನಾಪೋಕ್ಲುವಿನಲ್ಲೋ ಔಷಧದಂಗಡಿಗೆ ಹೋದರೆ ಅಂಗಡಿಯವರಿಗೆ ಅವನ ತಂದೆಯ ಪರಿಚಯವಿರುತ್ತದೆ. ಆಸ್ಪತ್ರೆಯ ಚೀಟಿಗೆ ಹೆಸರು ಬರೆಸಿದರೆ ಸಾಲಿನಲ್ಲಿ ನಿಂತವರಿಗೆಲ್ಲ ಅವನಾರೆಂದು ಗೊತ್ತಾಗುತ್ತದೆ. ಆದುದರಿಂದ ಅವನು ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾನೆ. ಅಲ್ಲಿ ಅವನಿಗೆ ಗುರುತಿನವರಿಲ್ಲ. ಎಚ್ಚರಿಕೆ ಹೇಳುವವರೂ ಇಲ್ಲ.

ಮನೆಯಲ್ಲಿ ಸುಳಿವು ಸಿಕ್ಕಿದರೆ ಹಿರಿಯರು ಹೇಳುವ ಮಾತು ಒಂದೇ: "ಒಂದು ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ." ಸರಿಹೋಗುವುದಿಲ್ಲ. ಮದುವೆಯಿಂದ ಸ್ವಭಾವ ಬದಲಾಗುವುದಿಲ್ಲ. ಗುಟ್ಟು ಮಾತ್ರ ಇನ್ನಷ್ಟು ಆಳವಾಗುತ್ತದೆ. ಹೊರಗೆ ಅವಸರದಲ್ಲಿ ಅಂಟಿದ ಸೋಂಕು ಏನೂ ಅರಿಯದ ಹೆಂಡತಿಗೂ, ಆಕೆ ಬಸುರಿಯಾದರೆ ಹೊಟ್ಟೆಯ ಕೂಸಿಗೂ ದಾಟಬಹುದು. ಮಕ್ಕಳಾಗಲೆಂದು ಹಿರಿಯರು ಕಾದಿರುವಾಗ ಅವನು ಹೆಂಡತಿಯೊಡನೆ ಕಾಂಡೋಮ್ ಬಳಸಲು ಏನು ಕಾರಣ ಹೇಳಿಯಾನು? ತಾಳಿಯಾಗಲಿ, ಪತ್ತಾಕ್ ಆಗಲಿ ರೋಗವನ್ನು ತಡೆಯುವ ತಾಯಿತವಲ್ಲ. ಹೆಣ್ಣಿನಲ್ಲಿ ಒಲವುಳ್ಳ ಹೆಣ್ಣುಮಗಳ ಪಾಡೂ ಇಂತಹುದೇ. ಆಕೆಯನ್ನು ಒಪ್ಪಿಗೆಯಿಲ್ಲದೆ ಮದುವೆ ಮಾಡಿಕೊಟ್ಟರೆ ತನ್ನ ದೇಹದ ರಕ್ಷಣೆಯ ಬಗ್ಗೆ ಮಾತಾಡುವ ಹಕ್ಕೇ ಆಕೆಗೆ ಉಳಿಯುವುದಿಲ್ಲ. ಹೀಗೆ ಬಲವಂತದ ಒಂದು ಮದುವೆಯಿಂದ ಎರಡು ಮನೆಗಳ ನೆಮ್ಮದಿ ಕೆಡುತ್ತದೆ.

ಹೊಟ್ಟೆಪಾಡು ಮತ್ತು ಆಸ್ಪತ್ರೆ

ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಅನೇಕರು ಹದಿಹರೆಯದಲ್ಲೇ ಮನೆಯಿಂದ ಹೊರದೂಡಲ್ಪಟ್ಟವರು ಅಥವಾ ತಾಳಲಾರದೆ ಹೊರಟುಬಂದವರು. ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಬಾಡಿಗೆಗೆ ಮನೆ ಕೊಡುವವರಿಲ್ಲ, ಕೆಲಸ ಕೊಡುವವರಿಲ್ಲ. ಆಗ ಉಳಿಯುವ ದಾರಿಗಳು ಭಿಕ್ಷೆ ಮತ್ತು ಮೈಮಾರಾಟ ಎಂಬೆರಡೇ. ಕಾಂಡೋಮ್ ಬೇಡವೆನ್ನುವ ಗಿರಾಕಿಯು ಹೆಚ್ಚಿನ ಹಣದ ಆಸೆ ತೋರಿಸಿದಾಗ, ರಾತ್ರಿಯ ಊಟಕ್ಕೂ ಗತಿಯಿಲ್ಲದವಳು ಬೇಡವೆನ್ನುವುದು ಸುಲಭವಲ್ಲ. ಆಕೆಗೆ ಕಾಂಡೋಮಿನ ಮಹತ್ವ ಗೊತ್ತಿಲ್ಲವೆಂದಲ್ಲ. ಬೇಡವೆನ್ನುವ ಶಕ್ತಿಯನ್ನು ಹಸಿವು ಕಿತ್ತುಕೊಂಡಿರುತ್ತದೆ.

ಅಂತಹವರು ಆಸ್ಪತ್ರೆಗೆ ಬಂದಾಗಲೂ ಪುರುಷರ ಸಾಲೋ ಸ್ತ್ರೀಯರ ಸಾಲೋ ಎಂಬ ಗೊಂದಲ, ನೋಡುವವರ ನಗೆ, ಪಿಸುಮಾತು. ಒಮ್ಮೆ ನಗೆಪಾಟಲಾದವರು ಮತ್ತೊಮ್ಮೆ ಬರುವುದಿಲ್ಲ. ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುವ ಸಿಫಿಲಿಸ್ ರೋಗ ಹೀಗೆ ಬೆಳೆದು ನಿಲ್ಲುತ್ತದೆ. ಜನನಾಂಗದಲ್ಲಿ ಹುಣ್ಣಿದ್ದಲ್ಲಿ ಎಚ್.ಐ.ವಿ. ಒಳಸೇರುವುದೂ ಸುಲಭವಾಗುತ್ತದೆ.

ಇದಕ್ಕೆ ವಿರುದ್ಧವಾಗಿ, ಗೌರವ ದೊರೆತಾಗ ಬಾಳು ಹೇಗೆ ಅರಳುವುದೆಂಬುದಕ್ಕೂ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯ ಕಲೆಯಲ್ಲಿ ಹೆಸರಾಗಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು.

ಮೈಸೂರಿನಿಂದ ಬಂದ ಪಾಠ

ಸುತ್ತಲಿನ ಪರಿಸ್ಥಿತಿಯನ್ನು ತಿದ್ದಿದರೆ ರೋಗ ಇಳಿಯುವುದೇ? ನೆರೆಯ ಮೈಸೂರು ಇದಕ್ಕೆ ಸಾಕ್ಷಿಯಾಗಿದೆ. ಅಲ್ಲಿ 2004ರಲ್ಲಿ ಲೈಂಗಿಕ ವೃತ್ತಿಯವರ ನಡುವೆ ರೋಗತಡೆಯ ಕಾರ್ಯವೊಂದು ಆರಂಭವಾಯಿತು. ಮುಂದೆ ಅವರು ತಾವೇ ಅಶೋದಯ ಸಮಿತಿ ಎಂಬ ಸಂಘವನ್ನು ಕಟ್ಟಿಕೊಂಡರು. ಸ್ತ್ರೀಯರು, ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರೂ ಅದರಲ್ಲಿದ್ದಾರೆ. ಅವರು ಬರಿಯ ಕಾಂಡೋಮ್ ಹಂಚಿ ಸುಮ್ಮನಾಗಲಿಲ್ಲ. ಹಗಲಿನಲ್ಲಿ ಬಂದು ಕುಳಿತು ವಿಶ್ರಮಿಸಲು, ಸ್ನಾನ ಮಾಡಲು, ಮಾತಾಡಲು ಒಂದು ತಾಣವನ್ನು ಮಾಡಿಕೊಂಡರು. ಬೈಗುಳವಿಲ್ಲದ ಚಿಕಿತ್ಸಾಲಯವನ್ನು ನಡೆಸಿದರು. ಪೊಲೀಸರೊಡನೆ ಮಾತುಕತೆ ನಡೆಸಿ, ಯಾರಿಗಾದರೂ ಹೊಡೆತ ಬಡಿತವಾದರೆ ತಾವೇ ಒಡನೆ ಧಾವಿಸುವ ವ್ಯವಸ್ಥೆ ಮಾಡಿದರು.

2004 ಮತ್ತು 2006ರಲ್ಲಿ ಅಲ್ಲಿನ ಮಹಿಳಾ ಲೈಂಗಿಕ ವೃತ್ತಿಯವರಲ್ಲಿ ನಡೆದ ಸಮೀಕ್ಷೆಗಳನ್ನು ಹೋಲಿಸಿ ನೋಡಿದಾಗ ಫಲ ಕಾಣಿಸಿತು. ಅಪರೂಪಕ್ಕೆ ಬರುವ ಗಿರಾಕಿಗಳೊಡನೆ ಕಾಂಡೋಮ್ ಬಳಕೆ ಶೇಕಡಾ 65ರಿಂದ 90ಕ್ಕೆ ಏರಿತ್ತು. ಸಿಫಿಲಿಸ್ ಶೇಕಡಾ 25ರಿಂದ 12ಕ್ಕೆ ಇಳಿದಿತ್ತು. ಎರಡೇ ವರ್ಷಗಳಲ್ಲಿ ಇಷ್ಟಾಯಿತು. ತಲೆತಗ್ಗಿಸದೆ ಮಾತಾಡುವ ಧೈರ್ಯವೂ, ಬೆನ್ನಿಗೆ ನಿಲ್ಲುವ ಜನರೂ ದೊರೆತುದೇ ಇದರ ಗುಟ್ಟು.

ಅದೇ ಸಮೀಕ್ಷೆಯಲ್ಲಿ ದಂಪತಿಗಳಾದ ನಾವೆಲ್ಲ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅದೇ ಸ್ತ್ರೀಯರು ತಾವು ಮೆಚ್ಚಿದ ಖಾಯಂ ಸಂಗಾತಿಯೊಡನೆ ಕಾಂಡೋಮ್ ಬಳಸುತ್ತಿದ್ದುದು ಮೊದಲಿಗೆ ಶೇಕಡಾ 7 ಮಾತ್ರ. ಎರಡು ವರ್ಷಗಳ ಬಳಿಕವೂ ಅದು ಶೇಕಡಾ 30ನ್ನು ಮಾತ್ರ ಮುಟ್ಟಿತು. ಅಪರಿಚಿತನ ಮುಂದೆ ಕೇಳಬಹುದಾದುದನ್ನು ಪ್ರೀತಿಸುವವನ ಮುಂದೆ ಕೇಳುವುದು ಕಷ್ಟ. ಕೇಳಿದರೆ "ನನ್ನಲ್ಲಿ ನಂಬಿಕೆಯಿಲ್ಲವೇ?" ಎಂಬ ಪ್ರಶ್ನೆ ಎದುರಾಗುತ್ತದೆ. ಈ ಸಂಕೋಚ ಸಲಿಂಗಾಸಕ್ತರ ಜೋಡಿಗಳಲ್ಲಿಯೂ ಉಂಟು, ನಮ್ಮ ಲೈನ್ ಮನೆಗಳಲ್ಲಿಯೂ ಉಂಟು, ದೊಡ್ಡ ತೋಟದ ಬಂಗಲೆಗಳಲ್ಲಿಯೂ ಉಂಟು. ಆದುದರಿಂದ ಕಾಂಡೋಮನ್ನು ಸಂಶಯದ ಗುರುತೆಂದು ಎಣಿಸದೆ, ಒಬ್ಬರ ಆರೋಗ್ಯದ ಬಗ್ಗೆ ಇನ್ನೊಬ್ಬರಿಗಿರುವ ಕಾಳಜಿಯ ಗುರುತೆಂದು ಎಣಿಸುವ ಅಭ್ಯಾಸ ನಮ್ಮ ಮನೆಗಳಲ್ಲೇ ಮೊದಲಾಗಲಿ.

ಇಂದು ದೊರೆಯುವ ಸೌಲಭ್ಯಗಳು

ಸರ್ಕಾರವು 2004ರ ಏಪ್ರಿಲ್‌ನಿಂದ ಎಚ್.ಐ.ವಿ. ಸೋಂಕಿತರಿಗೆ ಎ.ಆರ್.ಟಿ. ಎಂಬ ಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತಿದೆ. 2017ರಿಂದ, ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ಕಾಯಿಸದೆ ಚಿಕಿತ್ಸೆ ಆರಂಭಿಸುವ ಕ್ರಮ ಜಾರಿಯಲ್ಲಿದೆ. ಮಾತ್ರೆಗಳನ್ನು ತಪ್ಪದೆ ಸೇವಿಸುವವರು ಎಲ್ಲರಂತೆ ದುಡಿದು ದೀರ್ಘಕಾಲ ಬಾಳಬಲ್ಲರು. ಅಷ್ಟೇ ಅಲ್ಲ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದಿದ್ದರೆ, ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಇನ್ನೊಬ್ಬರಿಗೆ ದಾಟುವುದಿಲ್ಲ. ಬಸುರಿಗೆ ಸಕಾಲದಲ್ಲಿ ಚಿಕಿತ್ಸೆಯಾದರೆ ಮಗುವಿಗೆ ಸೋಂಕು ತಗಲುವ ಸಂಭವ ಬಹಳ ಕಡಿಮೆ.

ಸೋಂಕಿಗೆ ಒಳಪಟ್ಟಿರಬಹುದೆಂಬ ಶಂಕೆಯಿದ್ದರೆ 72 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ಹೋದಲ್ಲಿ, 28 ದಿನಗಳ ಮಾತ್ರೆಗಳಿಂದ ಅದನ್ನು ತಡೆಯುವ ಪ್ರಯತ್ನ ಮಾಡಬಹುದು. ಹೆಚ್ಚು ಅಪಾಯದಲ್ಲಿರುವವರು ಮುಂಜಾಗ್ರತೆಯಾಗಿ ಮಾತ್ರೆ ಸೇವಿಸುವ ಪದ್ಧತಿಗೂ ನಮ್ಮ ದೇಶದಲ್ಲಿ 2022ರಲ್ಲಿ ಮಾರ್ಗಸೂಚಿ ಹೊರಬಂದಿದೆ. ಅದನ್ನು ವೈದ್ಯರ ಸಲಹೆಯಿಂದ ಮಾತ್ರ ಸೇವಿಸಬೇಕು.

2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದ ಪ್ರಕಾರ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಕೂಡದು, ಫಲಿತಾಂಶವನ್ನು ಗುಟ್ಟಾಗಿಡಬೇಕು, ಸೋಂಕಿನ ಕಾರಣದಿಂದ ಕೆಲಸ, ಮನೆ, ಶಾಲೆ, ಚಿಕಿತ್ಸೆಗಳನ್ನು ನಿರಾಕರಿಸಕೂಡದು. ಉಚಿತ ದೂರವಾಣಿ ಸಂಖ್ಯೆ 1097ಕ್ಕೆ ಕರೆ ಮಾಡಿದರೆ ಹೆಸರು ಹೇಳದೆಯೂ ಸಲಹೆ ಪಡೆಯಬಹುದು. ಲೈಂಗಿಕ ರೋಗಗಳಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆಯಿದೆ.

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಎತ್ತಿಹಿಡಿಯಿತು. ಕರ್ನಾಟಕ ಸರ್ಕಾರವು 2017ರಲ್ಲಿ ಅವರಿಗಾಗಿ ಪ್ರತ್ಯೇಕ ನೀತಿಯನ್ನು ರೂಪಿಸಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿಯನ್ನು ಕಲ್ಪಿಸಿತು. ಹೊಟ್ಟೆಪಾಡಿಗೆ ಗೌರವದ ದಾರಿಯಿದ್ದರೆ ರೋಗದ ದಾರಿ ತಾನಾಗಿ ಕಿರಿದಾಗುತ್ತದೆಯೆಂಬ ಕಾರಣದಿಂದ ಇವೂ ಆರೋಗ್ಯದ ಕ್ರಮಗಳೇ ಸರಿ.

ಕಾಂಡೋಮ್ ಬಳಕೆಯ ಬಗ್ಗೆ ಎಲ್ಲರೂ ತಿಳಿದಿರಬೇಕಾದ ಕೆಲವು ಮಾತುಗಳು:

1. ಪೊಟ್ಟಣದ ಮೇಲಿನ ಕೊನೆಯ ದಿನಾಂಕವನ್ನು ನೋಡಬೇಕು. ಹಲ್ಲಿನಿಂದ, ಕತ್ತರಿಯಿಂದ ಹರಿಯಬಾರದು.
2. ಬಿಸಿಲಿನಲ್ಲಿ, ಒಲೆಯ ಬಳಿ, ಬಹುಕಾಲ ಜೇಬಿನಲ್ಲಿ ಇಡಬಾರದು.
3. ತೆಂಗಿನೆಣ್ಣೆ, ವ್ಯಾಸಲೀನ್ ಮುಂತಾದ ಜಿಡ್ಡನ್ನು ಹಚ್ಚಬಾರದು. ಇವುಗಳಿಂದ ರಬ್ಬರು ಬಲಗುಂದಿ ಹರಿಯುತ್ತದೆ. ಔಷಧದಂಗಡಿಯಲ್ಲಿ ಸಿಗುವ ನೀರಿನ ಅಂಶದ ಜಾರುಕವನ್ನು ಬಳಸಬೇಕು. ಗುದಸಂಭೋಗದಲ್ಲಿ ಇದು ಅತ್ಯಗತ್ಯ.
4. ಒಂದನ್ನು ಒಂದೇ ಸಲ ಬಳಸಬೇಕು. ಒಂದರ ಮೇಲೊಂದು ತೊಡಬಾರದು.
5. ಹೊಸದಾಗಿ ಸೋಂಕು ತಗಲಿದಾಗ ಪರೀಕ್ಷೆಯಲ್ಲಿ ಒಡನೆ ಕಾಣದಿರಬಹುದು. ಆದುದರಿಂದ ಸಲಹೆಗಾರರು ಹೇಳಿದಂತೆ ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ದಂಪತಿಗಳಾಗಿ ನಮ್ಮ ಕರ್ತವ್ಯ

ಮೊದಲನೆಯದಾಗಿ, ಮಕ್ಕಳು ತಮ್ಮ ಒಲವನ್ನೋ ಲಿಂಗತ್ವವನ್ನೋ ಹೇಳಿಕೊಂಡರೆ ತಂದೆತಾಯಿಯರು ಕೈ ಎತ್ತಬಾರದು, ಬಾಗಿಲು ಮುಚ್ಚಬಾರದು. ಒಪ್ಪಿಕೊಳ್ಳಲು ಸಮಯ ಬೇಕಾಗಬಹುದು. ಆದರೆ ಊಟ, ಹಾಸಿಗೆ, ಶಾಲೆ ಇವುಗಳನ್ನು ಒಂದು ದಿನವೂ ತಪ್ಪಿಸಬಾರದು. ಮನೆ ಬಿಟ್ಟ ಮಗುವನ್ನು ಮೊದಲು ಎದುರುಗೊಳ್ಳುವುದು ಅಪಾಯವೇ.

ಎರಡನೆಯದಾಗಿ, ಒಪ್ಪಿಗೆಯಿಲ್ಲದ ಮದುವೆಯನ್ನು ಮಾಡಬಾರದು. ಒಕ್ಕದ ಹೆಸರು ಉಳಿಯಬೇಕೆಂಬ ಆಸೆ ಸಹಜ. ಆದರೆ ಪರರ ಮನೆಯ ಹೆಣ್ಣುಮಗಳ ಬಾಳನ್ನು ಪಣವಾಗಿಟ್ಟು ಹೆಸರನ್ನು ಉಳಿಸುವುದು ಧರ್ಮವಲ್ಲ.

ಮೂರನೆಯದಾಗಿ, ಈಗಾಗಲೇ ಮದುವೆಯಾಗಿ ಇಂತಹ ಗುಟ್ಟನ್ನು ಹೊತ್ತಿರುವವರು ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಫಲಿತಾಂಶ ತಿಳಿಯುವವರೆಗೆ ಕಾಂಡೋಮ್ ಬಳಸಬೇಕು. ಪತಿಪತ್ನಿಯರಿಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗುವುದು ಉತ್ತಮ. ದೋಷಾರೋಪಣೆಯಿಂದ ಯಾರ ಆರೋಗ್ಯವೂ ಸುಧಾರಿಸುವುದಿಲ್ಲ.

ನಾಲ್ಕನೆಯದಾಗಿ, ತೋಟದ ಮಾಲೀಕರು, ಅಂಗಡಿಯವರು, ಪಂಚಾಯಿತಿ ಸದಸ್ಯರು ಆದವರು ಇವರಿಗೆ ಕೆಲಸವನ್ನೂ ಬಾಡಿಗೆ ಮನೆಯನ್ನೂ ನಿರಾಕರಿಸಬಾರದು. ಸಂತೆಯಲ್ಲಿ, ಬಸ್ಸಿನಲ್ಲಿ ಯಾರಾದರೂ ಇವರನ್ನು ಹೀಯಾಳಿಸಿದರೆ ಒಂದು ಮಾತು ತಡೆದು ಹೇಳುವುದು ಕಷ್ಟವೇನಲ್ಲ. ಕೇಳುತ್ತ ನಿಂತಿರುವ ಮಕ್ಕಳಲ್ಲಿ ಒಬ್ಬನಿಗೆ ಆ ಮಾತೇ ಆಸರೆಯಾಗಬಹುದು.

ಕೊನೆಯದಾಗಿ, ಸೋಂಕು ಯಾರಿಗಾದರೂ ತಗಲಬಹುದೆಂಬುದನ್ನು ನೆನಪಿಡಬೇಕು. ಇದನ್ನು ಒಂದು ಗುಂಪಿನ ರೋಗವೆಂದು ದೂರುವವರು ತಮ್ಮ ಎಚ್ಚರಿಕೆಯನ್ನೇ ಮರೆಯುತ್ತಾರೆ.

ಸಹೋದರ ಸಹೋದರಿಯರೇ, ಸರ್ಕಾರವು ಕಾಂಡೋಮನ್ನು ಉಪಕೇಂದ್ರದವರೆಗೆ ತಲುಪಿಸಬಲ್ಲದು, ಮಾತ್ರೆಯನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಇಡಬಲ್ಲದು, ಕಾನೂನನ್ನು ತಿದ್ದಬಲ್ಲದು. ಆದರೆ ಅವುಗಳನ್ನು ಕೈನೀಡಿ ತೆಗೆದುಕೊಳ್ಳುವ ಧೈರ್ಯವನ್ನು ಕೊಡಬೇಕಾದುದು ಮನೆ. ಆ ಧೈರ್ಯ ಕೊಡುವುದಕ್ಕೆ ಹಣ ಬೇಕಿಲ್ಲ, ವಿದ್ಯೆ ಬೇಕಿಲ್ಲ. "ನೀನು ಹೇಗಿದ್ದರೂ ನಮ್ಮವನೇ, ನಮ್ಮವಳೇ" ಎಂಬ ಒಂದು ಮಾತು ಸಾಕು. ಇಂದು ಮನೆಗೆ ಮರಳಿದ ಮೇಲೆ ಪತಿಪತ್ನಿಯರು ಈ ವಿಷಯವನ್ನು ಒಮ್ಮೆ ತಮ್ಮಲ್ಲಿ ಮಾತಾಡಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.